ಪರೀಕ್ಷೆಯ ಸಾಧನಗಳು: ಕಾಗದವೂ ಗಣಕಯಂತ್ರವೂ

ಒಬ್ಬನೇ ವಿದ್ಯಾರ್ಥಿಯು ಒಂದೇ ಪ್ರಶ್ನೆಗೆ ಒಮ್ಮೆ ಕಾಗದದ ಮೇಲೆ ಲೇಖನಿಯಿಂದಲೂ ಇನ್ನೊಮ್ಮೆ ಗಣಕಯಂತ್ರದ ಮುಂದೆ ಕುಳಿತು ಕೀಲಿಗಳಿಂದಲೂ ಉತ್ತರವನ್ನು ಕೊಟ್ಟರೆ, ಅವನಿಗೆ ದೊರೆಯುವ ಅಂಕಗಳು ಎರಡು ಸಲವೂ ಸಮವಾಗಿರುವುವೇ? ಮೇಲುನೋಟಕ್ಕೆ ಇದು ಕೇಳತಕ್ಕ ಪ್ರಶ್ನೆಯೇ ಅಲ್ಲವೆಂದು ತೋರೀತು. ವಿದ್ಯೆಯಿರುವುದು ವಿದ್ಯಾರ್ಥಿಯಲ್ಲಿ. ಬಳ್ಳದಿಂದ ಅಳೆದರೂ ಸೇರಿನಿಂದ ಅಳೆದರೂ ರಾಶಿಯ ಕಾಳು ಹೆಚ್ಚುವುದಿಲ್ಲ, ಕಡಮೆಯಾಗುವುದೂ ಇಲ್ಲ. ಆದರೆ ವಿದ್ಯೆಯನ್ನಳೆಯುವ ಕೆಲಸವು ಕಾಳನ್ನಳೆಯುವಷ್ಟು ಸುಲಭವಾದುದಲ್ಲ. ಅಳತೆಯ ಪಾತ್ರೆಯನ್ನು ಬದಲಿಸಿದಾಗಲೆಲ್ಲ ಮುಂದಿದ್ದವರಲ್ಲಿ ಕೆಲವರು ಹಿಂದಾಗಿ, ಹಿಂದಿದ್ದವರಲ್ಲಿ ಕೆಲವರು ಮುಂದಾದುದನ್ನು ಎರಡು ಶತಮಾನಗಳ ಪರೀಕ್ಷಾ ಚರಿತ್ರೆಯು ತೋರಿಸಿಕೊಡುತ್ತದೆ. ಮಠಗಳ ಪ್ರಸಾದನಿಲಯಗಳಲ್ಲಿದ್ದುಕೊಂಡು ಓದುವ ಗ್ರಾಮಾಂತರದ ಬಾಲಕ ಬಾಲಿಕೆಯರ ಮುಂದಿನ ಜೀವನವು ಇಂತಹ ಪರೀಕ್ಷೆಯೊಂದರ ಮೂರು ಗಂಟೆಗಳ ಮೇಲೆ ನಿಂತಿರುವ ಈ ಕಾಲದಲ್ಲಿ, ಆ ಚರಿತ್ರೆಯನ್ನು ತುಸು ವಿವರವಾಗಿ ನೋಡುವುದು ಅನಾವಶ್ಯಕವೆನಿಸದು.

ಕ್ರಿ. ಶ. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿದ್ದ ಪಾಠಶಾಲೆಗಳ ವೃತ್ತಾಂತವನ್ನು ಕಲೆಕ್ಟರುಗಳಿಂದ ಕೇಳಿ ತರಿಸಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯು ಅವುಗಳಲ್ಲಿ ಪ್ರಸಿದ್ಧವಾದುದು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದುದಾಗಿ ಅವನು ಲೆಕ್ಕ ಕೊಟ್ಟಿದ್ದಾನೆ. ಬಾಲಕನು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುವನು. ಕೈ ಕುದುರಿದ ತರುವಾಯ ಓಲೆಯ ಮೇಲೆ ಕಂಟದಿಂದಲೋ ಕಾಗದದ ಮೇಲೆ ಲೆಕ್ಕಣಿಕೆಯಿಂದಲೋ, ಬಹುಮಟ್ಟಿಗೆ ಹಲಗೆ ಅಥವಾ ಕಡತದ ಮೇಲೆ ಬಳಪದಿಂದಲೋ ಬರೆಯುವನು. ಗಂಜಿ ಹಾಕಿ ಬಿರುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಲಿನ ಪುಡಿಯನ್ನೂ ಅಂಟನ್ನೂ ಬಳಿದು ಮಾಡಿದ ಕಡತವನ್ನು ಆತನು ಕುತೂಹಲದಿಂದ ವರ್ಣಿಸಿದ್ದಾನೆ. ಒದ್ದೆಯ ಬಟ್ಟೆಯಿಂದ ಒರಸಿದರೆ ಬರಹವು ಹೋಗಿ ಕಡತವು ಮತ್ತೆ ಬರೆಯಲು ಸಿದ್ಧವಾಗುತ್ತಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಒಂದೊಂದಾಗಿ ಏರುವ ಏಟು. ತರಗತಿಯ ಸ್ಥಾನವೆಂಬುದು ಆ ಕಾಲಕ್ಕೆ ಅಷ್ಟಕ್ಕೆ ಮುಗಿಯುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಬರವಣಿಗೆಯನ್ನು ಇಷ್ಟು ಜಾಗರೂಕತೆಯಿಂದ ಕಲಿಸುತ್ತಿದ್ದರೂ ಪಾಠವನ್ನು ಒಪ್ಪಿಸಬೇಕಾಗಿದ್ದುದು ಬಾಯಿಂದಲೇ. ಸಂಸ್ಕೃತ ಪಾಠಶಾಲೆಗಳಲ್ಲಿಯಂತೂ ವಾಕ್ಯಾರ್ಥದಲ್ಲಿ ಎದುರಾಳಿಯ ಮುಂದೆ ನಿಲ್ಲಬಲ್ಲವನೇ ವಿದ್ವಾಂಸನು. ಕಡತವು ಕಲಿಕೆಯ ಸಾಧನವಾಗಿತ್ತೇ ಹೊರತು ಪರೀಕ್ಷೆಯ ಸಾಧನವಾಗಿರಲಿಲ್ಲ. ಅರ್ಥವರಿಯದೆ ಕಂಠಪಾಠ ಮಾಡುವ ದೋಷವನ್ನು ಕ್ಯಾಂಬೆಲ್ಲನು ಕಟುವಾಗಿಯೇ ಎತ್ತಿ ಆಡಿದ್ದಾನೆ. ಅವನ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅವನ ಸ್ವದೇಶದಲ್ಲಿಯೂ ಪರೀಕ್ಷೆಯು ಬಾಯಿಂದ ಕೈಗೆ ಇಳಿದು ಆಗ ಬಹಳ ಕಾಲವಾಗಿರಲಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಬಯಸುವವನು ಲ್ಯಾಟಿನ್ ಭಾಷೆಯಲ್ಲಿ ವಾದ ಮಾಡಿ ಗೆಲ್ಲಬೇಕೆಂಬುದು ಪೂರ್ವದ ಪದ್ಧತಿ. 18ನೆಯ ಶತಮಾನದಲ್ಲಿ ಮೆಲ್ಲಮೆಲ್ಲನೆ ವಾದವು ಹಿಂದೆ ಸರಿದು, ಸೆನೆಟ್ ಭವನದಲ್ಲಿ ಕುಳಿತು ಗಣಿತದ ಪ್ರಶ್ನೆಗಳಿಗೆ ಬರೆದು ಉತ್ತರಿಸುವುದೇ ಮುಖ್ಯವಾಯಿತು. ಆಗಲೇ ವಿದ್ಯಾರ್ಥಿಗಳ ಸ್ವರೂಪವೂ ಬದಲಾಯಿತು. ನಾಲಗೆಯ ಚುರುಕಿಗಿದ್ದ ಬೆಲೆ ಲೇಖನಿಯ ವೇಗಕ್ಕೆ ಬಂದಿತು. ನಿಯಮಿತ ಕಾಲದಲ್ಲಿ ಅತ್ಯಧಿಕ ಸಂಖ್ಯೆಯ ಲೆಕ್ಕಗಳನ್ನು ತಪ್ಪಿಲ್ಲದೆ ಬರೆಯುವ ಅಭ್ಯಾಸವನ್ನು ಮಾಡಿಸುವ ಖಾಸಗಿ ಬೋಧಕರು ಹುಟ್ಟಿಕೊಂಡರು. ಅವರಲ್ಲಿ ಎಡ್ವರ್ಡ್ ರೌತ್ ಎಂಬಾತನ ಶಿಷ್ಯರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಆ ಪರೀಕ್ಷೆಯಲ್ಲಿ ಪ್ರಥಮ ಸ್ಥಾನವನ್ನು ಪಡೆದರು. ರೌತನು ತಾನೂ 1854ರಲ್ಲಿ ಮೊದಲನೆಯವನಾಗಿದ್ದನು. ಆ ವರ್ಷ ಎರಡನೆಯವನಾಗಿ ನಿಂತವನು, ವಿದ್ಯುತ್ತು ಬೆಳಕುಗಳ ಸಂಬಂಧವನ್ನು ಲೋಕಕ್ಕೆ ತಿಳಿಸಿಕೊಟ್ಟ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್! ಇದರಿಂದ ರೌತನ ಯೋಗ್ಯತೆಗೆ ಕುಂದೇನೂ ಇಲ್ಲ. ಪರೀಕ್ಷೆಯು ಅಳೆದುದು ಗಣಿತಜ್ಞಾನವನ್ನು ಮಾತ್ರವಲ್ಲ, ಆ ಸಾಧನದ ಮೇಲಿನ ಹಿಡಿತವನ್ನೂ ಅಳೆಯಿತೆಂಬುದಕ್ಕೆ ಇದು ಸಾಕ್ಷಿ.

ಬಾಯಿಪರೀಕ್ಷೆಗೂ ಕಾಗದದ ಪರೀಕ್ಷೆಗೂ ನೇರವಾದ ಮುಖಾಮುಖಿಯು ನಡೆದುದು ಅಮೆರಿಕೆಯ ಬೋಸ್ಟನ್ ನಗರದಲ್ಲಿ, 1845ರಲ್ಲಿ. ಅಲ್ಲಿಯ ವರೆಗೆ ಶಾಲಾ ಸಮಿತಿಯವರು ಬಂದು ಮಕ್ಕಳನ್ನು ನಿಲ್ಲಿಸಿ ಕೆಲವು ಪ್ರಶ್ನೆಗಳನ್ನು ಕೇಳಿ, ಉಪಾಧ್ಯಾಯರನ್ನು ಹೊಗಳಿ ಹೋಗುವುದು ವಾಡಿಕೆ. ಆ ವರ್ಷ ಸ್ಯಾಮ್ಯುಯೆಲ್ ಗ್ರಿಡ್ಲಿ ಹೌ ಮೊದಲಾದ ಸಮಿತಿಯ ಸದಸ್ಯರು ಅಚ್ಚು ಹಾಕಿಸಿದ ಪ್ರಶ್ನೆಗಳನ್ನು ತಂದು ಎಲ್ಲ ಶಾಲೆಗಳಲ್ಲಿಯೂ ಬರೆಸಿದರು. ಫಲಿತಾಂಶವು ನಿರಾಶಾಜನಕವಾಗಿತ್ತು, ಊರಿನಲ್ಲಿ ದೊಡ್ಡ ವಾಗ್ವಾದವೇ ಎದ್ದಿತು. ಶಿಕ್ಷಣ ಮಂಡಲದ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನನು ಹೊಸ ಪದ್ಧತಿಯ ಪಕ್ಷವನ್ನು ವಹಿಸಿ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕಾಲ, ಉಪಾಧ್ಯಾಯನು ನಡುವೆ ಬಾಯಿ ಹಾಕುವಂತಿಲ್ಲ, ಪಕ್ಷಪಾತಕ್ಕೆ ಎಡೆಯಿಲ್ಲ, ಉತ್ತರವು ಮುಂದೆಯೂ ಸಾಕ್ಷಿಯಾಗಿ ಉಳಿಯುವುದು ಎಂಬ ಕಾರಣಗಳನ್ನು ಮುಂದಿಟ್ಟನು. ನೂರೈವತ್ತು ವರ್ಷಗಳ ತರುವಾಯ ಗಣಕಯಂತ್ರದ ಪರೀಕ್ಷೆಯ ಪಕ್ಷಪಾತಿಗಳು ಹೇಳಿದುದೂ ಬಹುಮಟ್ಟಿಗೆ ಇವೇ ಕಾರಣಗಳನ್ನೇ.

ಭರತಖಂಡಕ್ಕೆ ಈ ಪದ್ಧತಿಯು ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳೊಂದಿಗೆ 1857ರಲ್ಲಿ ಕಾಲಿಟ್ಟಿತು. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪಿತವಾದ ಇವು ಮೊದಮೊದಲು ಪಾಠ ಹೇಳುವ ಸಂಸ್ಥೆಗಳಾಗಿರದೆ ಪರೀಕ್ಷೆ ಮಾಡುವ ಸಂಸ್ಥೆಗಳಾಗಿದ್ದುವು. ಮೈಸೂರು ಸೀಮೆಯವರು ಮದರಾಸಿನ ಪರೀಕ್ಷೆಗಳಿಗೂ ಧಾರವಾಡ ಬೆಳಗಾವಿಗಳ ಕಡೆಯವರು ಬೊಂಬಾಯಿಯ ಪರೀಕ್ಷೆಗಳಿಗೂ ಕಟ್ಟುತ್ತಿದ್ದರು. ಮೈಸೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯವು ದೊರೆತುದು 1916ರಲ್ಲಿ. ಕಂಠದಲ್ಲಿದ್ದ ವಿದ್ಯೆಯನ್ನು ಗಡಿಯಾರದ ಮುಂದೆ ಕಾಗದಕ್ಕಿಳಿಸುವ ಈ ಕ್ರಮಕ್ಕೆ ನಮ್ಮ ಜನರು ಎರಡೇ ತಲೆಮಾರುಗಳಲ್ಲಿ ಎಷ್ಟು ಒಗ್ಗಿಹೋದರೆಂದರೆ, ಪರೀಕ್ಷೆಯೆಂದರೆ ಕಾಗದ, ಕಾಗದವೆಂದರೆ ನ್ಯಾಯ ಎಂಬ ನಂಬುಗೆಯು ಬೇರೂರಿತು.

ಆ ನಂಬುಗೆಗೆ ಮೊದಲ ಪೆಟ್ಟು ಬಿದ್ದುದು ಗಣಿತಜ್ಞರಿಂದ. 1888ರಲ್ಲಿ ಎಫ್. ವೈ. ಎಡ್ಜ್‌ವರ್ತನು ಪರೀಕ್ಷಕನಿಂದ ಪರೀಕ್ಷಕನಿಗೆ ಅಂಕಗಳು ಎಷ್ಟು ಕದಲುವುವೆಂಬುದನ್ನು ಲೆಕ್ಕ ಹಾಕಿ, ಸ್ಥಾನನಿರ್ಣಯದಲ್ಲಿ ಅದೃಷ್ಟದ ಪಾಲು ಬಹಳವೆಂದು ತೋರಿಸಿದನು. 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಒಂದೇ ರೇಖಾಗಣಿತದ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಉಪಾಧ್ಯಾಯರಿಗೆ ಕಳುಹಿಸಿದರು. ಒಬ್ಬನು ಅದಕ್ಕೆ 28 ಅಂಕಗಳನ್ನು ಕೊಟ್ಟನು. ಇನ್ನೊಬ್ಬನು 92ನ್ನು ಕೊಟ್ಟನು! ರೇಖಾಗಣಿತದ ಗತಿಯೇ ಹೀಗಾದರೆ ಪ್ರಬಂಧದ ಗತಿಯನ್ನು ವಾಚಕರೇ ಊಹಿಸಬಹುದು. ಅಂದವಾದ ಬರವಣಿಗೆಗೆ ಅಂಕ ಹೆಚ್ಚುವುದನ್ನು ಅರಿಯದ ಉಪಾಧ್ಯಾಯನಿಲ್ಲ.

ಮನುಷ್ಯನ ಕಣ್ಣಿನ ಈ ಚಾಂಚಲ್ಯಕ್ಕೆ ಪರಿಹಾರವಾಗಿ ಯಂತ್ರವು ಬಂದಿತು. ಮಿಷಿಗನ್ ಪ್ರಾಂತದಲ್ಲಿ ಉಪಾಧ್ಯಾಯನಾಗಿದ್ದ ರೆನಾಲ್ಡ್ ಜಾನ್ಸನನು ಸೀಸದಕಡ್ಡಿಯ ಗುರುತಿನಲ್ಲಿ ವಿದ್ಯುತ್ತು ಹರಿಯುವುದೆಂಬ ತತ್ತ್ವದ ಮೇಲೆ ರಚಿಸಿದ ಯಂತ್ರವನ್ನು ಐ. ಬಿ. ಎಂ. ಸಂಸ್ಥೆಯು 1938ರಲ್ಲಿ ಮಾರಾಟಕ್ಕೆ ತಂದಿತು. ಇಂದು ಸಿ. ಇ. ಟಿ. ಮೊದಲಾದ ಪರೀಕ್ಷೆಗಳಲ್ಲಿ ಸೊನ್ನೆಗಳನ್ನು ಕಪ್ಪು ಮಾಡುವ ಓ. ಎಂ. ಆರ್. ಹಾಳೆಯು ಆ ವಂಶದ್ದೇ. ಅದು ಬೆಳಕಿನಿಂದ ಓದಿಕೊಳ್ಳುವುದೆಂಬುದಷ್ಟೇ ಭೇದ. ಹೀಗೆ ಮೊದಲು ಯಂತ್ರವು ಪರೀಕ್ಷಕನ ಸ್ಥಾನವನ್ನು ಆಕ್ರಮಿಸಿತು. ಕಾಗದದ ಸ್ಥಾನವನ್ನು ಆಕ್ರಮಿಸಿದುದು ಅರ್ಧ ಶತಮಾನದ ತರುವಾಯ. ಅಮೆರಿಕೆಯ ಜಿ. ಆರ್. ಇ. ಪರೀಕ್ಷೆಯು 1992ರಲ್ಲಿ ಗಣಕಯಂತ್ರಕ್ಕೆ ಬಂದಿತು. ಭಾರತದಲ್ಲಿ ಐ. ಐ. ಎಂ. ಸಂಸ್ಥೆಗಳ ಪ್ರವೇಶಪರೀಕ್ಷೆಯಾದ ಕ್ಯಾಟ್ 2009ರ ನವೆಂಬರಿನಲ್ಲಿ ಮೊತ್ತಮೊದಲಿಗೆ ಯಂತ್ರದ ಮೇಲೆ ನಡೆಯಿತು. ಮೊದಲ ದಿನವೇ ಹಲವು ಕೇಂದ್ರಗಳಲ್ಲಿ ಯಂತ್ರಗಳು ಕೆಟ್ಟು ನಿಂತು, ವಿದ್ಯಾರ್ಥಿಗಳು ಬಾಗಿಲಿಂದ ಹಿಂದಿರುಗಬೇಕಾಯಿತು. ಅವರಲ್ಲಿ ಕೆಲವರಿಗೆ 2010ರ ಜನವರಿಯಲ್ಲಿ ಮರುಪರೀಕ್ಷೆ ಮಾಡಬೇಕಾಯಿತು.

ಯಂತ್ರವು ಕೆಡುವುದು ಕಣ್ಣಿಗೆ ಕಾಣುವ ದೋಷ, ಕೆಟ್ಟರೆ ಮರುಪರೀಕ್ಷೆಯುಂಟು. ಕೆಡದೆ ಸರಿಯಾಗಿ ನಡೆದ ಯಂತ್ರವು ಅಂಕಗಳನ್ನು ಏನು ಮಾಡುವುದೆಂಬುದೇ ಪ್ರಕೃತ ವಿಷಯ. ಇದನ್ನು ನಿರ್ಣಯಿಸಲು ಯಂತ್ರವನ್ನು ಆರಿಸಿಕೊಂಡವರ ಅಂಕಗಳನ್ನೂ ಕಾಗದವನ್ನು ಆರಿಸಿಕೊಂಡವರ ಅಂಕಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಸಾಲದು. ಜೆ. ಇ. ಇ. ಮುಖ್ಯ ಪರೀಕ್ಷೆಯಲ್ಲಿ 2013ರಿಂದ 2018ರ ವರೆಗೆ ವಿದ್ಯಾರ್ಥಿಯು ಎರಡರಲ್ಲಿ ಒಂದನ್ನು ತಾನೇ ಆರಿಸಿಕೊಳ್ಳಬಹುದಾಗಿತ್ತು. ಆದರೆ ಯಂತ್ರವನ್ನು ಆರಿಸುವವನು ಅದರೊಡನೆ ಬಳಕೆಯಿದ್ದವನು, ಬಹುಶಃ ಪಟ್ಟಣದವನು. ಎರಡಕ್ಕೂ ಪ್ರಶ್ನೆಪತ್ರಿಕೆಗಳೂ ಬೇರೆ, ದಿನವೂ ಬೇರೆ. ಆದುದರಿಂದ ಅಂಕಗಳ ಅಂತರವು ಮನುಷ್ಯರಿಂದ ಬಂದುದೋ ಸಾಧನದಿಂದ ಬಂದುದೋ ಹೇಳುವುದು ಹೇಗೆ? ಒಂದೇ ಗುಂಪನ್ನು ಚೀಟಿ ಎತ್ತಿದಂತೆ ಇಬ್ಭಾಗ ಮಾಡಿ, ಅದೇ ಪ್ರಶ್ನೆಗಳನ್ನು ಒಂದು ಭಾಗಕ್ಕೆ ಕಾಗದದಲ್ಲಿಯೂ ಇನ್ನೊಂದಕ್ಕೆ ಯಂತ್ರದಲ್ಲಿಯೂ ಕೊಟ್ಟರೆ ಮಾತ್ರ ಹೋಲಿಕೆಯು ಶುದ್ಧವಾಗುತ್ತದೆ.

ಅಂತಹ ಹೋಲಿಕೆಗಳನ್ನು ಮೀಡ್ ಮತ್ತು ಡ್ರಾಸ್ಗೋ ಎಂಬ ವಿದ್ವಾಂಸರು 1993ರಲ್ಲಿ ಒಟ್ಟುಗೂಡಿಸಿದರು. ಎರಡು ಬಗೆಯ ಪರೀಕ್ಷೆಗಳೂ ವಿದ್ಯಾರ್ಥಿಗಳನ್ನು ಒಂದೇ ಕ್ರಮದಲ್ಲಿ ನಿಲ್ಲಿಸಿದರೆ ಸಹಸಂಬಂಧದ ಸಂಖ್ಯೆಯು 1 ಆಗುವುದು. ಸಾಕಷ್ಟು ಸಮಯವಿದ್ದು ಯೋಚಿಸಿ ಉತ್ತರಿಸುವ ಪರೀಕ್ಷೆಗಳಲ್ಲಿ ಅದು 0.97 ಆಗಿತ್ತು, ಕೇವಲ ವೇಗವನ್ನು ನೋಡುವ ಪರೀಕ್ಷೆಗಳಲ್ಲಿ 0.72ಕ್ಕೆ ಇಳಿದಿತ್ತು. ಎಂದರೆ ಸಾವಕಾಶವಾಗಿ ಉತ್ತರಿಸುವವನಿಗೆ ಸಾಧನವು ಯಾವುದಾದರೂ ಒಂದೇ. ಗಡಿಯಾರವು ಬೆನ್ನಟ್ಟಿದಾಗ ಮಾತ್ರ ಸಾಧನವು ತನ್ನ ಪಾಲನ್ನು ಕೇಳುತ್ತದೆ. ನಮ್ಮ ಪ್ರವೇಶಪರೀಕ್ಷೆಗಳಲ್ಲಿ ಗಡಿಯಾರವು ಬೆನ್ನಟ್ಟದಿರುವುದು ಯಾವುದು?

ಪ್ರಬಂಧ ಬರೆಯುವ ವಿಷಯದಲ್ಲಿ ದೊರೆತ ಫಲಗಳು ಇನ್ನೂ ವಿಚಿತ್ರವಾಗಿವೆ. ಮಸಾಚುಸೆಟ್ಸ್ ಪ್ರಾಂತದ ವೂಸ್ಟರ್ ಪಟ್ಟಣದ ಶಾಲೆಯೊಂದರಲ್ಲಿ, ದಿನವೂ ಗಣಕಯಂತ್ರದಲ್ಲಿಯೇ ಬರೆದು ಅಭ್ಯಾಸವಿದ್ದ ಮಕ್ಕಳನ್ನು ಕುರಿತು ರಸೆಲ್ ಮತ್ತು ಹೇನಿ ಎಂಬವರು 1997ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. ಕಾಗದದ ಮೇಲೆ ಬರೆದವರಲ್ಲಿ ನೂರಕ್ಕೆ 30 ಮಂದಿ ತೇರ್ಗಡೆಯ ಮಟ್ಟವನ್ನು ಮುಟ್ಟಿದರೆ, ಯಂತ್ರದಲ್ಲಿ ಬರೆದವರಲ್ಲಿ 67 ಮಂದಿ ಮುಟ್ಟಿದರು. ಕೈಬರಹದ ಮೇಲಿನ ಒಲವು ಹಗೆಗಳು ಅಡ್ಡಬಾರದಿರಲೆಂದು, ಕಾಗದದ ಉತ್ತರಗಳನ್ನೂ ಯಂತ್ರಾಕ್ಷರದಲ್ಲಿ ನಕಲು ಮಾಡಿಸಿಯೇ ಪರೀಕ್ಷಕರಿಗೆ ಕೊಟ್ಟಿದ್ದರು. ಆದುದರಿಂದ ಈ ಅಂತರವು ಪರೀಕ್ಷಕರ ಕಣ್ಣಿನದಲ್ಲ, ಮಕ್ಕಳ ಕೈಯ ರೂಢಿಯದು. ಇದಕ್ಕೆ ಎದುರಾದ ಇನ್ನೊಂದು ಶೋಧನೆಯನ್ನು 1994ರಲ್ಲಿ ಪವರ್ಸ್ ಮತ್ತು ಆತನ ಸಂಗಡಿಗರು ಮಾಡಿದ್ದರು: ಅದೇ ಪ್ರಬಂಧವನ್ನು ಒಮ್ಮೆ ಕೈಬರಹದಲ್ಲಿಯೂ ಒಮ್ಮೆ ಯಂತ್ರಾಕ್ಷರದಲ್ಲಿಯೂ ಪರೀಕ್ಷಕರ ಮುಂದಿಟ್ಟಾಗ, ಕೈಬರಹದ್ದಕ್ಕೇ ಹೆಚ್ಚು ಅಂಕ ಬಂದಿತು! ಯಂತ್ರಾಕ್ಷರದಲ್ಲಿ ಬರಹವು ಚಿಕ್ಕದಾಗಿ ಕಾಣುತ್ತದೆ, ತಪ್ಪುಗಳು ಎದ್ದು ತೋರುತ್ತವೆ, ಓದುವವನೂ ಅಚ್ಚಾದ ಪುಸ್ತಕದ ಮಟ್ಟವನ್ನು ನಿರೀಕ್ಷಿಸುತ್ತಾನೆ. ಹೀಗೆ ಯಂತ್ರವು ಒಬ್ಬನಿಗೆ ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಳ್ಳಬಲ್ಲದು.

ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದುದು ಮಸಾಚುಸೆಟ್ಸಿನ ಸಾಮೂಹಿಕ ಅನುಭವ. ಅಲ್ಲಿ 2015 ಮತ್ತು 2016ರಲ್ಲಿ ಪಾರ್ಕ್ ಎಂಬ ಪರೀಕ್ಷೆಯನ್ನು ಕೆಲವು ಶಾಲೆಗಳು ಕಾಗದದ ಮೇಲೂ ಕೆಲವು ಯಂತ್ರದ ಮೇಲೂ ನಡೆಸಿದುವು. ಬ್ಯಾಕಸ್ ಮತ್ತು ಕವನ್ ಎಂಬವರು ಮಕ್ಕಳ ಹಿಂದಿನ ವರ್ಷಗಳ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಹೋಲಿಸಿ 2019ರಲ್ಲಿ ಪ್ರಕಟಿಸಿದಂತೆ, ಯಂತ್ರದ ಮೇಲೆ ಬರೆದವರು ಮಾನಕ ವಿಚಲನೆಯ ಗಣನೆಯಲ್ಲಿ ಗಣಿತದಲ್ಲಿ 0.10ರಷ್ಟೂ ಇಂಗ್ಲಿಷ್ ಭಾಷೆಯಲ್ಲಿ 0.25ರಷ್ಟೂ ಹಿಂದೆ ಬಿದ್ದಿದ್ದರು. ಗಣಿತಕ್ಕಿಂತ ಭಾಷೆಯಲ್ಲಿ ನಷ್ಟವು ಹೆಚ್ಚೆಂಬುದು ಒಂದು ಸಂಗತಿ. ಎರಡನೆಯ ವರ್ಷದಲ್ಲಿ ಆ ನಷ್ಟವು ಗಣಿತದಲ್ಲಿ ಸುಮಾರು ಮೂರನೆಯ ಒಂದು ಪಾಲಿಗೂ ಭಾಷೆಯಲ್ಲಿ ಸುಮಾರು ಅರ್ಧಕ್ಕೂ ಇಳಿದುದು ಇನ್ನೊಂದು. ಭಾಷೆಯ ಪರೀಕ್ಷೆಯಲ್ಲಿ ಕೆಳಗಣ ಅಂಕಗಳ ಮಕ್ಕಳಿಗೇ ಪೆಟ್ಟು ಹೆಚ್ಚಾಗಿ ತಗಲಿತೆಂಬುದು ಮೂರನೆಯದು. ಮರುಕ ಹುಟ್ಟಿಸತಕ್ಕದ್ದೂ ಇದೇ. ಸಾಧನವು ಬದಲಾದ ಮೊದಲ ವರ್ಷದ ಸುಂಕವನ್ನು ತೆತ್ತವರು ಮೊದಲೇ ಬಡವಾಗಿದ್ದವರು.

ಎರಡನೆಯ ವರ್ಷದಲ್ಲಿ ನಷ್ಟವು ತಗ್ಗಿತೆಂದ ಮೇಲೆ ಕಾಲಕ್ರಮದಲ್ಲಿ ಎಲ್ಲವೂ ಸರಿಹೋಗುವುದೆಂದು ಸಮಾಧಾನ ಪಡುವವರುಂಟು. ಬರವಣಿಗೆಯ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಓದಿನ ಮಟ್ಟಿಗೆ ಹಾಗೆ ಹೇಳುವಂತಿಲ್ಲ. ನಾರ್ವೆ ದೇಶದಲ್ಲಿ 72 ಮಂದಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನು ಕುರಿತು 2013ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ದೀರ್ಘವಾದ ಗದ್ಯಭಾಗವನ್ನು ಕಾಗದದಲ್ಲಿ ಓದಿದವರು ತೆರೆಯ ಮೇಲೆ ಓದಿದವರಿಗಿಂತ ಚೆನ್ನಾಗಿ ಗ್ರಹಿಸಿದ್ದರು. 2018ರಲ್ಲಿ ಡೆಲ್ಗಾಡೊ ಮೊದಲಾದವರು 54 ಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕಾಗದದ ಓದೇ ಮೇಲೆನಿಸಿತು. ಸಮಯದ ಒತ್ತಡವಿದ್ದಲ್ಲಿ ಅಂತರವು ಹೆಚ್ಚು. ಆಶ್ಚರ್ಯವೇನೆಂದರೆ, 2000ದಿಂದ 2017ರ ವರೆಗೆ ಯಂತ್ರಗಳು ಮನೆಮನೆಗೆ ಬಂದಂತೆಲ್ಲ ಆ ಅಂತರವು ಕುಗ್ಗದೆ ಹಿಗ್ಗಿತ್ತು. ತೆರೆಯ ಬಳಕೆಯು ಹೆಚ್ಚಿದುದರಿಂದ ತೆರೆಯ ಮೇಲೆ ಆಳವಾಗಿ ಓದುವ ಶಕ್ತಿಯು ಹೆಚ್ಚಲಿಲ್ಲ. ಬೆರಳಿಗೆ ಅಭ್ಯಾಸವಾಗುವುದು ಬೇರೆ, ಮನಸ್ಸಿಗೆ ಅಭ್ಯಾಸವಾಗುವುದು ಬೇರೆ.

ಇದರ ಕಾರಣಗಳು ಪರೀಕ್ಷೆಯ ಕೊಠಡಿಯಲ್ಲಿ ಕುಳಿತವರಿಗೆ ಗೊತ್ತು. ಕಾಗದದ ಮೇಲಿನ ಗದ್ಯಭಾಗದಲ್ಲಿ ಬೇಕಾದ ಮಾತಿನ ಕೆಳಗೆ ಗೆರೆ ಎಳೆಯಬಹುದು. ಹಾಳೆಯ ಯಾವ ಮೂಲೆಯಲ್ಲಿ ಯಾವ ಸಂಗತಿಯಿತ್ತೆಂಬುದು ಕಣ್ಣಿಗೆ ನೆನಪಿರುತ್ತದೆ. ತೆರೆಯ ಮೇಲೆ ಸಾಲುಗಳು ಜಾರಿಹೋಗುತ್ತವೆ. ತ್ರಿಕೋನದ ಮೇಲೆಯೇ ಕೋನವನ್ನು ಗುರುತಿಸುತ್ತಿದ್ದವನು ಈಗ ಅದನ್ನು ಬಿಡಿಹಾಳೆಗೆ ಇಳಿಸಿಕೊಂಡು, ಲೆಕ್ಕ ಮಾಡಿ, ಮತ್ತೆ ತಲೆಯೆತ್ತಿ ತೆರೆಯನ್ನು ನೋಡಬೇಕು. ಯಂತ್ರದ ಗುಣಗಳನ್ನು ಮರೆಸುವುದೂ ನ್ಯಾಯವಲ್ಲ. ಓ. ಎಂ. ಆರ್. ಹಾಳೆಯಲ್ಲಿ ಮಸಿಯಿಂದ ಕಪ್ಪು ಮಾಡಿದ ಸೊನ್ನೆಯನ್ನು ಅಳಿಸುವಂತಿಲ್ಲ. ಒಂದು ಸಾಲು ತಪ್ಪಿದರೆ ಮುಂದಿನವೆಲ್ಲ ತಪ್ಪು. ಯಂತ್ರದಲ್ಲಿ ಉತ್ತರವನ್ನು ಎಷ್ಟು ಸಲವಾದರೂ ತಿದ್ದಬಹುದು. ಪ್ರಶ್ನೆಪತ್ರಿಕೆಯ ಕಟ್ಟುಗಳು ಊರೂರಿಗೆ ಸಾಗುವ ದಾರಿಯಲ್ಲಿ ಬಯಲಾಗುವ ಭಯವೂ ಕಡಮೆ. ಕಾಗದದ ಮೇಲೆ ನಡೆದ 2024ರ ನೀಟ್ ಪರೀಕ್ಷೆಯಲ್ಲಿ ಆದುದನ್ನು ಮರೆತವರಿಲ್ಲ.

ಜೆ. ಇ. ಇ. ಮುಖ್ಯ ಪರೀಕ್ಷೆಯು 2019ರಿಂದ ಸಂಪೂರ್ಣವಾಗಿ ಯಂತ್ರಕ್ಕೆ ಬಂದಿತು. ಲಕ್ಷಾಂತರ ಮಂದಿಗೆ ಒಂದೇ ಹೊತ್ತಿನಲ್ಲಿ ಯಂತ್ರಗಳು ದೊರೆಯಲಾರವಾದುದರಿಂದ ಹಲವು ದಿನ ಹಲವು ಸರದಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆಗಳನ್ನು ಕೊಟ್ಟು, ಸರದಿಯೊಳಗಣ ಸ್ಥಾನವನ್ನು ಶತಾಂಶದಲ್ಲಿ ಹೇಳಿ ಎಲ್ಲರನ್ನೂ ಒಂದು ಸಾಲಿನಲ್ಲಿ ನಿಲ್ಲಿಸುವ ಲೆಕ್ಕವೂ ಅದರೊಡನೆ ಬಂದಿತು. ಹೊರೇಸ್ ಮ್ಯಾನನು ಎತ್ತಿ ಹಿಡಿದ ‘ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕಾಲ’ ಎಂಬ ತತ್ತ್ವವು ಹೀಗೆ ಸದ್ದಿಲ್ಲದೆ ಕೈಬಿಟ್ಟುಹೋಯಿತು. ಕರ್ನಾಟಕದ ಸಿ. ಇ. ಟಿ. ಪರೀಕ್ಷೆಯು 2025ರಲ್ಲಿಯೂ ಕಾಗದದ ಮೇಲೆಯೇ ನಡೆಯಿತು. ಎರಡಕ್ಕೂ ಕುಳಿತುಕೊಳ್ಳುವ ಹಳ್ಳಿಯ ವಿದ್ಯಾರ್ಥಿಯು ಒಂದು ತಿಂಗಳು ತೆರೆಯನ್ನೂ ಮತ್ತೊಂದು ತಿಂಗಳು ಹಾಳೆಯನ್ನೂ ಎದುರಿಸಬೇಕಾಗಿದೆ. ಅವನು ಪರೀಕ್ಷೆಗೆ ಮುಂಚೆ ಹತ್ತಾರು ಸಲ ಯಂತ್ರದ ಮುಂದೆ ಪೂರ್ಣಾವಧಿಯ ಅಭ್ಯಾಸವನ್ನು ಮಾಡಿದ್ದರೆ ಬೆರಳಿನ ನಷ್ಟವು ಬಹುಮಟ್ಟಿಗೆ ನೀಗುವುದು. ಮೊತ್ತಮೊದಲು ಇಲಿಯನ್ನು ಹಿಡಿಯುವುದು ಪರೀಕ್ಷೆಯ ದಿನವೇ ಆದರೆ ನೀಗದು. ವಿದ್ಯಾರ್ಥಿನಿಲಯವೊಂದರಲ್ಲಿ ನಾಲ್ಕು ಹಳೆಯ ಯಂತ್ರಗಳಿದ್ದರೂ ಇದು ಸಾಧ್ಯವಾಗುವ ಕಾರ್ಯ.

ಇದುವರೆಗಿನ ಯಂತ್ರಪರೀಕ್ಷೆಗಳಲ್ಲಿ ಕನ್ನಡದ ವಿದ್ಯಾರ್ಥಿಗೆ ಒಂದು ರಕ್ಷೆಯುಂಟಾಗಿದೆ. ಜೆ. ಇ. ಇ. ಮುಖ್ಯ ಪರೀಕ್ಷೆಯ ಪ್ರಶ್ನೆಗಳು 2021ರಿಂದ ಕನ್ನಡದಲ್ಲಿಯೂ ದೊರೆತಿವೆ. ಉತ್ತರಕ್ಕೆ ಗುರುತು ಮಾಡಿದರೆ, ಹೆಚ್ಚೆಂದರೆ ಒಂದು ಸಂಖ್ಯೆಯನ್ನು ಒತ್ತಿದರೆ ಸಾಕು, ಕನ್ನಡವನ್ನು ಬರೆಯಬೇಕಾದುದಿಲ್ಲ. ವಾಕ್ಯರೂಪದ ಉತ್ತರಗಳೂ ಯಂತ್ರಕ್ಕೆ ಬರುವ ದಿನ ಈ ರಕ್ಷೆಯು ಕಳಚುವುದು. ಕೇಂದ್ರದವರು ಮಾನ್ಯ ಮಾಡಿದ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯ ವಿನ್ಯಾಸವು ಒಂದು, ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಅಂಗೀಕರಿಸಿ ‘ನುಡಿ’ಯಲ್ಲಿ ಬಳಕೆಗೆ ತಂದ ವಿನ್ಯಾಸವು ಇನ್ನೊಂದು. ಒಂದರಲ್ಲಿ ಪಳಗಿದ ಬೆರಳು ಇನ್ನೊಂದರಲ್ಲಿ ತಡವರಿಸುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಕೀಲಿ. ಕನ್ನಡದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಮೂಡಿಸಲು ಸಕಾರ, ತಕಾರ, ರಕಾರಗಳನ್ನೂ ನಡುವೆ ಎರಡು ಸಲ ಅರ್ಧಾಕ್ಷರದ ಕೀಲಿಯನ್ನೂ ಕೊನೆಗೆ ದೀರ್ಘವನ್ನೂ ಕೂಡಿಸಿ ಆರು ಸಲ ಒತ್ತಬೇಕು. ಲೇಖನಿ ಹಿಡಿದ ಕೈಗೆ ಅದು ಒಂದೇ ಬೀಸಿನ ಕೆಲಸ. ಬಳ್ಳಾರಿಯ ಶಾಲೆಗಳ ಬಾಲಕರಿಗೆ ಮರಳಿನ ಮೇಲೆ ತಿಂಗಳುಗಟ್ಟಲೆ ತಿದ್ದಿಸಿದ ತರುವಾಯವೇ ಕಡತವನ್ನು ಕೊಡುತ್ತಿದ್ದರು. ಕೀಲಿಮಣೆಯ ಮೇಲೆ ಕನ್ನಡವನ್ನು ತಿದ್ದಿಸುವ ಪಾಠವು ನಮ್ಮ ಬಹುಪಾಲು ಪ್ರೌಢಶಾಲೆಗಳಲ್ಲಿ ಇನ್ನೂ ಆರಂಭವಾಗಿಲ್ಲ.